ದಕ್ಕೆಗೆ ಕಟ್ಟಿದ ಹಡಗು

"ಬುದ್ಧಿ, ಜೊತೆಯಲ್ಲಿ ಕಲಿತವರನ್ನೆಲ್ಲ ಊರೂರಿಗೆ ಪಾಠ ಹೇಳಲು ಕಳುಹಿಸಿದಿರಿ. ನನ್ನನ್ನು ಯಾವ ಊರೂ ಕೇಳಲಿಲ್ಲ. ಸೋದರಮಾವ ತನ್ನ ಎಣ್ಣೆ ಅಂಗಡಿಗೆ ಬಾ ಅನ್ನುತ್ತಿದ್ದಾನೆ. ಕರೆ ಬಾರದವನು ಕಾಯುತ್ತ ಕೂರುವುದರಲ್ಲಿ ಏನಿದೆ?" ಎಂದು ಶಿಷ್ಯ ಶಾಂತಮಲ್ಲ ಕೇಳಿದ. ಅವನ ಬಟ್ಟೆಯ ಗಂಟು ಆಗಲೇ ಬಾಗಿಲ ಬಳಿ ಇತ್ತು.

ಗುರುಗಳು ನಕ್ಕರು. "ಕೂತ್ಕೊಳ್ಳಪ್ಪ. ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ. ಒಂದು ಹಡಗಿನ ವಿಷಯ ಹೇಳುತ್ತೇನೆ."

ಆ ಹಡಗು ಮೈಯಲ್ಲಿ ಕಸುವಿರುವ ತನಕ ಸರಕು ಹೊತ್ತಿತು. ಅಕ್ಕಿ, ಸಿಮೆಂಟು, ಮರದ ದಿಮ್ಮಿ, ಯಾವುದನ್ನೂ ಬೇಡ ಅಂದದ್ದಿಲ್ಲ. ಹಳೆಯದಾದಾಗ ಮಾಲೀಕ ಗುಜರಿಗೆ ಹಾಕಲು ಹೊರಟ. ಅಷ್ಟರಲ್ಲಿ ಸೇನೆಯವರು ಕೊಂಡರು. ಯುದ್ಧವೋ ವಿಪತ್ತೋ ಬಂದ ದಿನ ಸಾಗಾಟಕ್ಕೆ ಇರಲಿ ಎಂದು ಬಂದರಿನ ದಕ್ಕೆಗೆ ಕಟ್ಟಿ ನಿಲ್ಲಿಸಿದರು. ಎಂಜಿನ್ ವಾರವಾರವೂ ಓಡಿಸಬೇಕು, ಸರಕಿನ ಕೋಣೆ ಸದಾ ಖಾಲಿ ಇಡಬೇಕು ಎಂದು ಕಪ್ತಾನನಿಗೆ ಅಪ್ಪಣೆಯಾಯಿತು.

ವರ್ಷಗಳು ಹೋದವು. ಕರೆ ಬರಲಿಲ್ಲ. "ಏನ್ರೀ ಕಪ್ತಾನ್ರೇ, ಇವತ್ತು ಎಲ್ಲಿಯವರೆಗೆ ಪ್ರಯಾಣ?" ಎಂದು ಬಂದರಿನ ಜನ ಕೆಣಕುತ್ತಿದ್ದರು. ತುಂಬಿದ ಹಡಗು ನಡೆಸಿದ ಮನುಷ್ಯ ಅವನು. ಒಳಗೊಳಗೇ ಬೇಯುತ್ತಿದ್ದ.

ಒಂದು ದಿನ ಅಕ್ಕಿ ವ್ಯಾಪಾರಿ ಬಂದ. "ನನ್ನ ಗೋದಾಮು ಸೋರುತ್ತಿದೆ. ನಿಮ್ಮದು ಹೇಗೂ ಖಾಲಿ ಬಿದ್ದಿದೆಯಲ್ಲ, ನನ್ನ ಮೂಟೆ ಇಟ್ಟುಕೊಳ್ಳಿ" ಎಂದ. ಕಪ್ತಾನನಿಗೆ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಹೂಂ ಅನ್ನಲು ಬಾಯಿ ತೆರೆದವನು ಕಡೆಗೆ ಆಗುವುದಿಲ್ಲ ಎಂದ. "ತಾನೂ ತಿನ್ನ, ಪರರಿಗೂ ಕೊಡ" ಎಂದು ಬೈಯುತ್ತ ವ್ಯಾಪಾರಿ ಹೋದ.

ಆ ವರ್ಷವೇ ಚಂಡಮಾರುತ ಎದ್ದು ಸಮುದ್ರ ಎದುರಿನ ದ್ವೀಪಕ್ಕೆ ನುಗ್ಗಿತು. ವ್ಯಾಪಾರಿ ತನ್ನ ಮಗಳನ್ನು ಕೊಟ್ಟಿದ್ದ ಊರು ಅದು. ಬಂದರಿನಲ್ಲಿ ಹಡಗಿಗೇನು ಬರ? ಆದರೆ ಎಲ್ಲದರಲ್ಲೂ ಸರಕು ತುಂಬಿತ್ತು. ಅದನ್ನು ಇಳಿಸುವಷ್ಟರಲ್ಲಿ ದ್ವೀಪದ ಜನ ಉಳಿಯುತ್ತಿರಲಿಲ್ಲ. ಕಟ್ಟಿದ್ದ ಹಡಗಿಗೆ ಅಪ್ಪಣೆ ಬಂತು. ಹಗ್ಗ ಬಿಚ್ಚಿದರು. ಎಂಜಿನ್ ಮೊದಲ ಸಲಕ್ಕೇ ಎದ್ದಿತು.

ಮರಳುವಾಗ ಆ ಖಾಲಿ ಕೋಣೆಯಲ್ಲಿ ಇಡೀ ದ್ವೀಪ ಕೂತಿತ್ತು. ಕೂಸನ್ನು ಅವುಚಿಕೊಂಡು ಇಳಿದ ಮಗಳನ್ನು ಕಂಡು ವ್ಯಾಪಾರಿ ಕಪ್ತಾನನ ಕೈ ಹಿಡಿದು ಅತ್ತ. ಎಲ್ಲರೂ ಇಳಿದ ಮೇಲೆ ಕಪ್ತಾನ ಕೋಣೆ ಗುಡಿಸಿ, ಹಡಗನ್ನು ಮತ್ತೆ ಅದೇ ದಕ್ಕೆಗೆ ಕಟ್ಟಿದ. ಈ ಸಲ ಅವನ ಮನಸ್ಸಿನಲ್ಲಿ ಬೇಗೆ ಇರಲಿಲ್ಲ.

ಗುರುಗಳು ಬಾಗಿಲ ಬಳಿಯ ಗಂಟಿನತ್ತ ನೋಡಿದರು.

"ಈಗ ಹೇಳಪ್ಪ, ನಾಳೆಯಿಂದ ಯಾರ ಮೂಟೆಗೆ ಜಾಗ ಕೊಡಲು ಹೊರಟಿದ್ದೀಯ?"