ಕಿಟಕಿಯಲ್ಲಿ ಕಂಡ ಲ್ಯಾಬು

ಆ ಕಾಲೇಜಿನ ಅಧ್ಯಕ್ಷರು ಕಿಟಕಿಯಿಂದ ಲ್ಯಾಬು ತೋರಿಸಿಯೇ ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದರು. ಸೇರಿದ ಮೇಲೆ ಬೀಗ. "ತನಿಖೆಯವರು ಬಂದಾಗ ತೆಗೆದರಾಯ್ತು. ಮುಟ್ಟಿದರೆ ಸಾಮಾನು ಹಾಳಾಗುತ್ತೆ!" ಎಂದು ಗದರುತ್ತಿದ್ದರು.

ಅಲ್ಲಿ ಧೂಳು ಹೊಡೆಯುವ ಅಟೆಂಡರಿಗೆ ಇದನ್ನು ಕಂಡು ಮೈಯೆಲ್ಲ ಉರಿಯುತ್ತಿತ್ತು. ಅವನ ಮಗಳೂ ಅದೇ ಕಿಟಕಿಗೆ ಮರುಳಾಗಿ ಸೇರಿದವಳು.

ಒಂದು ಬೆಳಿಗ್ಗೆ ಓಡಿಬಂದ. "ಸಾರ್, ಈ ಸಲ ತನಿಖೆಯವರು ಹೇಳದೆ ಕೇಳದೆ ಬರ್ತಾರಂತೆ. ಮಕ್ಕಳ ಕೈಲೇ ಪ್ರಯೋಗ ಮಾಡಿಸಿ ನೋಡ್ತಾರಂತೆ!"

ಅಧ್ಯಕ್ಷರು ಬೆವೆತು ಬೀಗ ತೆಗೆಸಿದರು. ಅಂದಿನಿಂದ ದಿನವೂ ಪ್ರಯೋಗ.

ಪರೀಕ್ಷೆ ಹತ್ತಿರ ಬಂದರೂ ತನಿಖೆಯವರ ಸುಳಿವಿಲ್ಲ. ಅಧ್ಯಕ್ಷರು ಸಿಡಿದರು. "ಎಲ್ಲಯ್ಯಾ ನಿನ್ನ ತನಿಖೆಯವರು? ಹಾಕು ಬೀಗ!"

ಅಟೆಂಡರು ಮೇಜಿಗೆ ಬಾಗಿದ್ದ ಮಕ್ಕಳತ್ತ ಕೈ ಮಾಡಿದ. "ಇವರೇ ಸಾರ್, ದಿನಾ ಬರ್ತಿದ್ದಾರಲ್ಲ. ಬೀಗ ಹಾಕ್ತೀನಿ ಬಿಡಿ. ಆದರೆ ಮುಂದಿನ ವರ್ಷ ಕಾಲೇಜು ಹುಡುಕಿ ಬರೋರು ಕಿಟಕಿ ನೋಡಲ್ಲ, ಇವರನ್ನ ಕೇಳ್ತಾರೆ!"