ಹದಿನೇಳು ಮಾತುಗಳು

"ಗುರುಗಳೇ, ಮೊದಲ ವರ್ಷ ನನ್ನ ಧ್ಯಾನ ದಿನದಿನಕ್ಕೂ ಗಟ್ಟಿಯಾಯಿತು. ಈಗ ಎರಡು ವರ್ಷದಿಂದ ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ. ನಾನು ದೇವರ ಹತ್ತಿರ ಸೇರುವುದು ಯಾವಾಗ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ಕಂಚುಗಾರನಿದ್ದ. ಒಂದು ಬೆಳಿಗ್ಗೆ ಅವನ ಹೆಂಡತಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ವೈದ್ಯ ಮದ್ದು ಕೊಟ್ಟು, "ದಿನವೂ ಮಾತಾಡಿಸು" ಎಂದ. ಎರಡು ತಿಂಗಳಿಗೆ ಅವಳು 'ನೀರು' ಎಂದಳು. ಆಮೇಲೆ 'ಸಾಕು', 'ಬಿಸಿಲು', 'ನೋವು'. ವಾರಕ್ಕೊಂದು ಹೊಸ ಮಾತು ಬಂತು. ಕಂಚುಗಾರ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದ. ಮಾತು ಹದಿನೇಳಕ್ಕೆ ನಿಂತಿತು.

ಅವನು ಕಾಯುತ್ತಿದ್ದದ್ದು ಒಂದೇ ಮಾತಿಗೆ. ಮೊದಲೆಲ್ಲ ಅವಳು ಅಡುಗೆಮನೆಯಿಂದ "ಏನೂಂದ್ರೆ" ಎಂದು ಕರೆಯುತ್ತಿದ್ದಳು. ಸುತ್ತಿಗೆಯ ಸದ್ದಿನಲ್ಲಿ ಅವನಿಗೆ ಮೂರನೆಯ ಸಲಕ್ಕೆ ಕೇಳುತ್ತಿತ್ತು. ಈಗ ಅವನು ತಟ್ಟುತ್ತ ತಟ್ಟುತ್ತ ಸುತ್ತಿಗೆ ತಡೆದು ಕಿವಿಗೊಡುತ್ತಿದ್ದ. ಸಂಜೆಯಾದರೆ ಅವಳೆದುರು ಕೂತು, "ಅನ್ನು, ಏನೂಂದ್ರೆ ಅನ್ನು" ಎನ್ನುತ್ತಿದ್ದ. ಅವಳ ತುಟಿ ನಡುಗುತ್ತಿತ್ತು, ಕಣ್ಣು ತುಂಬುತ್ತಿತ್ತು. ಹೀಗೇ ಒಂದು ವರ್ಷ ಕಳೆಯಿತು. ಕೊನೆಕೊನೆಗೆ ಅವನ ಹೆಜ್ಜೆಯ ಸದ್ದು ಕೇಳಿದರೆ ಅವಳು ಗೋಡೆಯ ಕಡೆಗೆ ಮುಖ ತಿರುಗಿಸತೊಡಗಿದಳು.

ಅವನು ವೈದ್ಯನ ಬಳಿಗೆ ಹೋದ. "ಮದ್ದು ಬದಲಿಸಿ. ಚೇತರಿಸಿಕೊಳ್ಳುತ್ತಿದ್ದವಳು ಏಕೆ ನಿಂತುಬಿಟ್ಟಳು?"

ವೈದ್ಯ ಹೇಳಿದ: "ಕೆಲವರು ಹೀಗೆ ನಿಂತು, ಮತ್ತೆ ಮುಂದೆ ಹೋಗುತ್ತಾರೆ. ಕೆಲವರು ಅಲ್ಲೇ ಉಳಿಯುತ್ತಾರೆ. ನಿನ್ನ ಹೆಂಡತಿ ಯಾವ ಕಡೆಯವಳೋ ನನಗೆ ಗೊತ್ತಿಲ್ಲ. ಬಂದಿರುವ ಹದಿನೇಳರಲ್ಲಿ ನೀನು ಅವಳೊಡನೆ ಏನು ಮಾತಾಡಿದೆ?"



ಆ ಸಂಜೆ ಅವನು ಏನನ್ನೂ ಹೇಳಿಕೊಡಲಿಲ್ಲ. ಸುಮ್ಮನೆ ಅವಳ ಪಕ್ಕದಲ್ಲಿ ಕೂತ. ಬಹಳ ಹೊತ್ತಾದ ಮೇಲೆ ಅವಳೇ ಎಡಗೈ ಚಾಚಿ, ಅವನ ಅಂಗೈಯ ಸುಟ್ಟ ಗುಳ್ಳೆ ಮುಟ್ಟಿ, "ನೋವು?" ಎಂದಳು.

"ಸ್ವಲ್ಪ" ಎಂದ.

ಮರುದಿನ ಅವನು ತಟ್ಟುವ ಕೆಲಸವನ್ನೆಲ್ಲ ಅವಳ ಹಾಸಿಗೆಯ ಬಳಿಗೇ ತಂದುಕೊಂಡ. ಹನ್ನೊಂದು ವರ್ಷ ಅವರು ಆ ಹದಿನೇಳು ಮಾತಿನಲ್ಲೇ ಸಂಸಾರ ಮಾಡಿದರು, ನಕ್ಕರು, ಜಗಳವನ್ನೂ ಆಡಿದರು. ಹದಿನೆಂಟನೆಯ ಮಾತು ಬರಲಿಲ್ಲ.

ಗುರು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಹಾಗಾದರೆ ಅವಳು ಅವನನ್ನು ಒಮ್ಮೆಯೂ ಕರೆಯಲೇ ಇಲ್ಲವೇ?"

"ಪಕ್ಕದಲ್ಲೇ ಕೂತವನನ್ನು ಯಾಕೆ ಕರೆಯಬೇಕು, ಮಗು?" ಎಂದರು ಗುರು.