ಗಿಬ್ಬನ್ ಬಾಲ ಬಿಟ್ಟದ್ದು, ಕೋತಿ ಕೆನ್ನೆ ತುಂಬಿದ್ದು

ಭೂಮಿಗೆ ಇನ್ನೂ ಹೊಸ ಮಡಕೆಯ ವಾಸನೆ ಇದ್ದ ಕಾಲ. ನದಿಗಳಿಗೆ ದಾರಿ ಸರಿಯಾಗಿ ಗೊತ್ತಿರಲಿಲ್ಲ, ಬೆಟ್ಟವನ್ನು ಕೇಳಿ ಕೇಳಿ ಹರಿಯುತ್ತಿದ್ದವು. ಗಾಳಿಗೆ ಹೇಳಿಕೊಳ್ಳುವಂಥ ಕೆಲಸವಿರಲಿಲ್ಲ, ಎಲ್ಲರ ಮನೆಯ ಮಾತಿಗೂ ಕಿವಿ ಕೊಟ್ಟುಕೊಂಡು ತಿರುಗುತ್ತಿತ್ತು.

ಆಗ ಸೂರ್ಯ ಹುಟ್ಟುವ ಕಡೆಯ ಬೆಟ್ಟಗಳಲ್ಲಿ ಒಂದು ದೊಡ್ಡ ಕಾಡಿತ್ತು. ಆ ಕಾಡಿನಲ್ಲಿ ಮಂಗಗಳದ್ದೆಲ್ಲ ಒಂದೇ ಸಂಸಾರ. ಇವತ್ತು ನಾವು ಕೋತಿ ಎನ್ನುವವರೂ ಉದ್ದ ತೋಳಿನ ಗಿಬ್ಬನ್ ಎನ್ನುವವರೂ ಒಂದೇ ಮರದಲ್ಲಿ ಮಲಗಿ ಒಂದೇ ಮರದಲ್ಲಿ ಏಳುತ್ತಿದ್ದರು. ಎಲ್ಲರಿಗೂ ಬಾಲವಿತ್ತು. ಎಲ್ಲರ ಕೈಯೂ ಮೊಳದಷ್ಟೇ ಇತ್ತು. ಎಲ್ಲರ ಕೆನ್ನೆಯೂ ಚಪ್ಪಟೆ. ಯಾರು ಯಾವ ಕುಲ ಎಂದು ತಿಳಿಯಲು ಮೈಬಣ್ಣ ನೋಡಬೇಕಿತ್ತು.

ಆ ಸಂಸಾರದ ಯಜಮಾನಿಯ ಹೆಸರು ಗದ್ದಿಗೆವ್ವ. ಕೋತಿ ಕುಲದವಳು, ಕೆಂಪು ಮುಖ, ದಪ್ಪ ಮೈ. ಅವಳ ಅಜ್ಜಿ ಯಜಮಾನಿಯಾಗಿದ್ದಳು, ತಾಯಿಯೂ ಯಜಮಾನಿಯಾಗಿದ್ದಳು, ಆದ್ದರಿಂದ ಅವಳೂ ಆದಳು. ಬೇರೆ ಯಾವ ಯೋಗ್ಯತೆ ಇದೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಕಚ್ಚುತ್ತಿದ್ದಳು.

ಕಾಡಿನ ನಡುವೆ ಆಲದ ಜಾತಿಯ ಒಂದು ಗೋಳಿಮರ. ಅದು ಹಣ್ಣಾದಾಗ ಮಂಗಗಳ ಪಂಕ್ತಿ ಕೂರುತ್ತಿತ್ತು. ಮೊದಲು ಗದ್ದಿಗೆವ್ವ, ಅವಳ ಪಕ್ಕ ಅವಳ ಹೆಣ್ಣುಮಕ್ಕಳು, ಆಮೇಲೆ ತಂಗಿಯರು, ಆಮೇಲೆ ತಂಗಿಯರ ಮಕ್ಕಳು, ಹೀಗೆ ಸಾಲು. ಮೇಲಿನವರು ತಿಂದು ತೇಗುವ ತನಕ ಕೆಳಗಿನವರು ಹಣ್ಣು ಮುಟ್ಟುವಂತಿಲ್ಲ. ಮುಟ್ಟಿದರೆ ಬಾಲ ಹಿಡಿದು ಎಳೆದು ಹಿಂದಕ್ಕೆ ಕೂರಿಸುತ್ತಿದ್ದರು. ಬಾಲ ಇರುವುದೇ ಅದಕ್ಕೆ ಎಂದು ಎಷ್ಟೋ ಜನ ತಿಳಿದಿದ್ದರು.

ಆ ಪಂಕ್ತಿಯ ಕಟ್ಟಕಡೆಯಲ್ಲಿ ಕೂರುತ್ತಿದ್ದವಳು ಕಂದಿ. ಗಿಬ್ಬನ್ ಕುಲದವಳು, ಒಣ ಹುಲ್ಲಿನ ಬಣ್ಣ. ಅವಳಿಗೆ ಅಕ್ಕತಂಗಿಯರ ದಂಡಿರಲಿಲ್ಲ. ಇದ್ದದ್ದು ಒಬ್ಬ ಗಂಡ, ಒಂದು ಮಗು. ಗಂಡ ಕಡುಗಪ್ಪು, ಹುಬ್ಬು ಮಾತ್ರ ಬಿಳಿ, ಅದಕ್ಕೇ ಎಲ್ಲರೂ ಬಿಳಿಹುಬ್ಬ ಎನ್ನುತ್ತಿದ್ದರು. ಮಗುವಿನ ಹೆಸರು ಮೊಗ್ಗಿ. ಗಿಬ್ಬನ್ನರಿಗೆ ಮಕ್ಕಳು ಬೇಗ ಬೇಗ ಆಗುವುದಿಲ್ಲ. ಒಂದು ಆದರೆ ಅದೇ ಚಿನ್ನ.

ಕಂದಿಯ ಪಕ್ಕದಲ್ಲಿ ಕೂರುತ್ತಿದ್ದವಳು ಸಣ್ಣಿ. ಕೋತಿ ಕುಲದವಳೇ, ಆದರೆ ಬಡತಾಯಿಯ ಮಗಳು, ಹಾಗಾಗಿ ಅವಳಿಗೂ ಕೊನೆಯ ಜಾಗ. ಇಬ್ಬರೂ ಗೆಳತಿಯರು. ಒಬ್ಬಳ ಬೆನ್ನು ಒಬ್ಬಳು ಕೆರೆಯುತ್ತ, ಹೇನು ಹೆಕ್ಕುತ್ತ, ಮೇಲಿನವರು ತಿನ್ನುವುದನ್ನು ನೋಡುತ್ತ ಕೂತಿರುತ್ತಿದ್ದರು. ಸರದಿ ಬರುವ ಹೊತ್ತಿಗೆ ಮರದಲ್ಲಿ ಹಸಿ ಕಾಯಿ ಮಾತ್ರ ಉಳಿದಿರುತ್ತಿತ್ತು.

ಸಣ್ಣಿಗೆ ಅದರಿಂದ ದೊಡ್ಡ ನಷ್ಟವಿರಲಿಲ್ಲ. ಕೋತಿಯ ಹೊಟ್ಟೆಗೆ ಏನು ಹಾಕಿದರೂ ನಡೆಯುತ್ತದೆ. ಅವಳು ನೆಲಕ್ಕಿಳಿದು ಬೇರು ಕೀಳುತ್ತಿದ್ದಳು, ಮಿಡತೆ ಹಿಡಿಯುತ್ತಿದ್ದಳು, ನದಿಯಲ್ಲಿ ಏಡಿ ಹುಡುಕುತ್ತಿದ್ದಳು. ಕಂದಿಯ ಕುಲದ ಹೊಟ್ಟೆ ಹಾಗಲ್ಲ. ಚಿಗುರು ಗಿಗುರು ಒಂದಿಷ್ಟು ನಡೆದೀತು, ಆದರೆ ಮಾಗಿದ ಹಣ್ಣಿಲ್ಲದೆ ಅದು ತುಂಬುವುದಿಲ್ಲ.

ಮೊಗ್ಗಿ ಸೊರಗಿತು. ಮೊದಮೊದಲು ಹಸಿವಾದಾಗ ಅಳುತ್ತಿತ್ತು. ಒಂದು ದಿನ ಅಳುವುದನ್ನೂ ನಿಲ್ಲಿಸಿತು. ಮಗು ಜಾಣೆಯಾಯಿತು, ಸುಮ್ಮನಿರುವುದನ್ನು ಕಲಿಯಿತು ಎಂದು ಪಂಕ್ತಿಯವರೆಲ್ಲ ಮೆಚ್ಚಿಕೊಂಡರು. ಕಂದಿ ಮಾತ್ರ ಹೆದರಿದಳು. ಅಳಲು ಕೂಡ ತ್ರಾಣ ಬೇಕು ಎಂಬುದು ತಾಯಿಗೆ ಗೊತ್ತು.

ಬಿಳಿಹುಬ್ಬ ಒಳ್ಳೆಯವನು, ಆದರೆ ಸರದಿಯನ್ನು ಬಹಳ ನಂಬಿದವನು. ಇನ್ನೊಂದಿಷ್ಟು ಕಾಯೋಣ, ನಮ್ಮ ಸರದಿಯೂ ಬರುತ್ತದೆ ಎಂದ.

"ಸರದಿ ಬರುತ್ತೆ," ಎಂದಳು ಕಂದಿ. "ಅದು ಬರೋ ಹೊತ್ತಿಗೆ ಇವಳಿರೋದಿಲ್ಲ."

ಮರುದಿನ ಯಾರೂ ಏಳುವ ಮೊದಲೇ, ಮೂಡಣ ಬೆಳ್ಳಗಾಗುವಾಗ, ಅವಳು ಮಗುವನ್ನು ಹೊಟ್ಟೆಗೆ ಅಂಟಿಸಿಕೊಂಡು ಗೋಳಿಮರಕ್ಕೆ ಹೋದಳು. ಒಳಗಿನ ಕೊಂಬೆಗಳೆಲ್ಲ ಬೋಳಾಗಿದ್ದವು. ಹೊರ ತುದಿಯ ಬೆರಳು ಗಾತ್ರದ ರೆಂಬೆಗಳಲ್ಲಿ ಮಾತ್ರ ಕೆಂಪು ಹಣ್ಣು ಗೊಂಚಲು ಗೊಂಚಲಾಗಿ ಉಳಿದಿತ್ತು. ಯಾಕೆಂದರೆ ಅಲ್ಲಿಗೆ ಯಾವ ಮಂಗವೂ ಹೋಗಿರಲಿಲ್ಲ.

ಕಂದಿ ಹೋದಳು. ಮಂಗಗಳೆಲ್ಲ ಹೇಗೆ ಹೋಗುತ್ತಿದ್ದವೋ ಹಾಗೇ ಹೋದಳು, ನಾಲ್ಕೂ ಕಾಲೂರಿ, ಬಾಲ ಎತ್ತಿ, ಕೊಂಬೆಯ ಮೇಲೆ ನಡೆಯುತ್ತ. ತುದಿ ಮುಟ್ಟುವಷ್ಟರಲ್ಲಿ ರೆಂಬೆ ಲಟಕ್ಕೆಂದು ಮುರಿಯಿತು. ಗೊಂಚಲೆಲ್ಲ ಕೆಳಗೆ ಬಿದ್ದು ಹಂದಿಗಳ ಪಾಲಾಯಿತು. ಕಂದಿ ಕೆಳಗಿನ ಕೊಂಬೆ ಸಿಕ್ಕಿ ಬಚಾವಾದಳು.

ಗೋಳಿಮರಕ್ಕೆ ಸಿಟ್ಟು ಬಂತು. ಬರದೆ ಏನು, ನಿಮ್ಮ ಬೆರಳು ಮುರಿದರೆ ನೀವು ಸುಮ್ಮನಿರುತ್ತೀರಾ? ಮೆಟ್ಟುವವರಿಗೆಲ್ಲ ದಪ್ಪ ಕೊಂಬೆ ಕೊಟ್ಟಿದ್ದೇನೆ, ತುದಿಗೆ ಯಾಕೆ ಬಂದೆ ಎಂದು ಬೈಯಿತು. ಕಂದಿ ಮಗುವನ್ನು ಎತ್ತಿ ತೋರಿಸಿದಳು.

ಮರ ಮೊಗ್ಗಿಯನ್ನು ನೋಡಿತು.

"ನನ್ನ ತುದಿ ಮೆಟ್ಟಿ ನಿಂತೋರನ್ನ ಹೊರೋದಿಲ್ಲ," ಎಂದಿತು. "ಆದರೆ ಕೆಳಗೆ ಜೋತುಬಿದ್ದೋರನ್ನ ಹೊರುತ್ತೆ. ನನ್ನ ಹಣ್ಣು ಜೋತಿಲ್ಲವಾ?"

ಕಂದಿಗೆ ಅದು ಹೊಸ ಮಾತು. ಅಲ್ಲಿಯವರೆಗೆ ಯಾವ ಮಂಗವೂ ಕೊಂಬೆಯ ಕೆಳಗೆ ಹೋಗಿರಲಿಲ್ಲ. ಕೊಂಬೆ ಇರುವುದು ಮೇಲೆ ನಡೆಯುವುದಕ್ಕೆ ಎಂದೇ ಎಲ್ಲರ ತಿಳುವಳಿಕೆ. ಅವಳು ರೆಂಬೆಗೆ ಒಂದು ಕೈ ಕೊಕ್ಕೆ ಹಾಕಿ ಜೋತುಬಿದ್ದಳು. ರೆಂಬೆ ಬಾಗಿತು, ಮುರಿಯಲಿಲ್ಲ. ಇನ್ನೊಂದು ಕೈ ಹಣ್ಣಿಗೆ ಚಾಚಿದಳು. ಎಟುಕಲಿಲ್ಲ.

ಇದನ್ನೆಲ್ಲ ಗಾಳಿ ನೋಡುತ್ತಲೇ ಇತ್ತು. ಅದಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು. ಹಿಂದೊಮ್ಮೆ ಮುಂದೊಮ್ಮೆ ಅವಳನ್ನು ಮೆಲ್ಲಗೆ ತೂಗಿತು. ಹೋಗುವಾಗ ಕೈ ಬಿಡು, ಬರುವಾಗ ಹಿಡಿ, ನಡುವೆ ಹೆದರಬೇಡ ಎಂದು ಪಾಠ ಹೇಳಿತು. ಮೂರನೆಯ ತೂಗಾಟಕ್ಕೆ ಕಂದಿಯ ಕೈಗೆ ಗೊಂಚಲು ಸಿಕ್ಕಿತು. ಹಣ್ಣನ್ನು ಅಗಿದು ಮೆತ್ತಗೆ ಮಾಡಿ ಮೊಗ್ಗಿಯ ಬಾಯಿಗಿಟ್ಟಳು. ಮಗು ಚೀಪಿತು. ಕಂದಿ ಗಳಗಳ ಅತ್ತಳು, ಅಳುತ್ತಲೇ ಇನ್ನೊಂದು ಹಣ್ಣು ಕಿತ್ತಳು.

ಹಣ್ಣಿನ ಋಣ ಹೇಗೆ ತೀರಿಸಲಿ ಎಂದು ಕೇಳಿದಾಗ ಮರ ಹೆಚ್ಚೇನೂ ಕೇಳಲಿಲ್ಲ. ಬೀಜ ಸಮೇತ ನುಂಗು, ದೂರ ಹೋಗಿ ಉದುರಿಸು, ನನ್ನ ಮಕ್ಕಳು ನನ್ನ ನೆರಳಿನಲ್ಲೇ ಬಿದ್ದು ಕೊಳೆಯುವುದು ಬೇಡ ಎಂದಿತು. ಮಕ್ಕಳ ಚಿಂತೆ ಮರಕ್ಕೂ ಇರುತ್ತದೆ.

ಅಂದಿನಿಂದ ಕಂದಿ ದಿನಾ ಬೆಳಗಿನ ಜಾವ ಬಂದಳು, ದಿನಾ ಜೋತುಬಿದ್ದಳು, ದಿನಾ ಇನ್ನೊಂದಿಷ್ಟು ಚಾಚಿದಳು. ಚಾಚಿ ಚಾಚಿ ಅವಳ ತೋಳು ಉದ್ದವಾಯಿತು. ಕೊಕ್ಕೆ ಹಾಕಿ ಹಾಕಿ ಅಂಗೈ ನೀಳವಾಯಿತು. ಬಿಳಿಹುಬ್ಬನೂ ಕಲಿತ. ಗಂಡಹೆಂಡಿರು ಒಂದು ತುದಿಯಿಂದ ಇನ್ನೊಂದು ತುದಿಗೆ ಹಾರುತ್ತ ತೂಗುತ್ತ ಹೋಗುವುದನ್ನು ನೋಡಿ ಹಕ್ಕಿಗಳೇ ಬೆರಗಾದವು.

ಮೊಗ್ಗಿಯ ಹೊಟ್ಟೆ ಗುಂಡಗಾಯಿತು. ಎಡವಟ್ಟಾದದ್ದೂ ಅಲ್ಲೇ. ಎಲ್ಲವನ್ನೂ ಮುಚ್ಚಿಡಬಹುದು, ಹೊಟ್ಟೆ ತುಂಬಿದ ಮಗುವನ್ನು ಮುಚ್ಚಿಡಲಾಗದು. ಕೊನೆಯ ಸಾಲಿನವರ ಮಗುವಿಗೆ ಇಷ್ಟು ಮೈ ಎಲ್ಲಿಂದ ಬಂತು ಎಂದು ಗದ್ದಿಗೆವ್ವ ಯೋಚಿಸಿದಳು. ಯೋಚಿಸಿ ಅಭ್ಯಾಸವಿಲ್ಲದ್ದರಿಂದ ಬಹಳ ಹೊತ್ತು ಹಿಡಿಯಿತು, ಆದರೂ ಕೊನೆಗೆ ಹೊಳೆಯಿತು.

ಮರುದಿನ ಬೆಳಗ್ಗೆ ಅವಳು ಇಡೀ ದಂಡನ್ನು ಕರೆದುಕೊಂಡು ಗೋಳಿಮರದ ದಪ್ಪ ಕೊಂಬೆಯಲ್ಲಿ ಅಡಗಿ ಕೂತಳು. ಕಂದಿ ಬಂದಳು, ಮಗುವನ್ನು ಅಪ್ಪಿಕೊಂಡೇ ಜೋತುಬಿದ್ದಳು, ಹಣ್ಣಿಗೆ ಕೈ ಚಾಚಿದಳು. ಗದ್ದಿಗೆವ್ವ ಮೇಲಿನಿಂದ ಬಗ್ಗಿ ಅವಳ ಬಾಲವನ್ನು ಗಬಕ್ಕನೆ ಹಿಡಿದಳು.

"ಕಳ್ಳಿ," ಎಂದಳು. "ಬಾ ಹಿಂದಕ್ಕೆ. ನಿನ್ನ ಜಾಗ ಕೊನೇದು."

ಕೆಳಗೆ ನೆಲ ಬಹಳ ದೂರವಿತ್ತು. ಮೊಗ್ಗಿ ಗಟ್ಟಿಯಾಗಿ ತಬ್ಬಿಕೊಂಡಿತು. ಹಿಂದಕ್ಕೆ ಹೋದರೆ ಬಾಲ ಉಳಿಯುತ್ತದೆ, ಮಗು ಉಳಿಯುವುದಿಲ್ಲ. ಕಂದಿಗೆ ಲೆಕ್ಕ ಹಾಕಲು ಹೊತ್ತು ಬೇಕಾಗಲಿಲ್ಲ. ಗಾಳಿಗೆ ಕಣ್ಸನ್ನೆ ಮಾಡಿದಳು. ಗಾಳಿ ತನ್ನ ಮೈಯಲ್ಲಿದ್ದ ಬಲವನ್ನೆಲ್ಲ ಕೂಡಿಸಿ ಒಂದೇ ಸಲ ತೂಗಿತು.

ಹೊಸ ಲೋಕ ಎಂದೆನಲ್ಲ, ಆಗ ಬಾಲಗಳೆಲ್ಲ ಹಸಿಹಸಿಯಾಗಿ ಅಂಟಿಕೊಂಡಿದ್ದವು, ಇನ್ನೂ ಒಣಗಿರಲಿಲ್ಲ. ಕಂದಿ ಆಚೆಯ ಮರಕ್ಕೆ ಹಾರಿದಳು. ಬಾಲ ಈಚೆ ಗದ್ದಿಗೆವ್ವನ ಕೈಯಲ್ಲೇ ಉಳಿಯಿತು. ನೋವೇನೂ ಆಗಲಿಲ್ಲ, ಸ್ವಲ್ಪ ತಣ್ಣಗೆನಿಸಿತು ಅಷ್ಟೆ.

ಗದ್ದಿಗೆವ್ವ ಬಾಲವನ್ನು ನೋಡಿದಳು. ಎಳೆಯಲು ಬಾಲವಿದೆ, ಬರಲು ಮಂಗವಿಲ್ಲ. ಅದನ್ನು ಬಿಸಾಡಬೇಕೋ ಇಟ್ಟುಕೊಳ್ಳಬೇಕೋ ಗೊತ್ತಾಗದೆ ಕೂತಳು. ಹೆಂಡತಿಯ ಹಿಂದೆಯೇ ಬಂದಿದ್ದ ಬಿಳಿಹುಬ್ಬ ಇದನ್ನು ನೋಡಿ ತಾನೂ ಹೆಂಡತಿಯ ಮರಕ್ಕೆ ಹಾರಿದ, ತನ್ನ ಬಾಲವನ್ನು ತಾನೇ ಕಿತ್ತು ಮರ್ಯಾದೆಯಿಂದ ಗದ್ದಿಗೆವ್ವನ ಕಡೆ ಎಸೆದ. ಸರದಿಯನ್ನು ನಂಬಿದವನು ಎಂದು ಅವನನ್ನು ಯಾರೂ ಮತ್ತೆ ಆಡಿಕೊಳ್ಳಲಿಲ್ಲ.

ಗದ್ದಿಗೆವ್ವ ಯಜಮಾನಿಯ ದನಿ ತೆಗೆದು ತೀರ್ಪು ಕೊಟ್ಟಳು. ಪಂಕ್ತಿ ಬಿಟ್ಟವರಿಗೆ ಇನ್ನು ನೆಲವಿಲ್ಲ, ನದಿಯಿಲ್ಲ, ದಂಡಿಲ್ಲ. ಕಾಲು ಕೆಳಗಿಟ್ಟರೆ ಕಚ್ಚುತ್ತೇವೆ.

ಕಂದಿಗೆ ಆ ತೀರ್ಪು ತಾಗಲಿಲ್ಲ. ಕಳ್ಳಿ ಎಂಬ ಮಾತು ತಾಗಿತ್ತು. ಅವಳು ಮರದ ನೆತ್ತಿಗೆ ಏರಿದಳು.

"ನೆಲ ನಿಮಗಿರಲಿ," ಎಂದಳು. "ಆದರೆ ನಾನು ಕದ್ದು ತಿನ್ನೋಳಲ್ಲ. ಇವತ್ತಿನಿಂದ ಹಣ್ಣು ಮುಟ್ಟೋ ಮೊದಲು ಕೂಗಿ ಹೇಳ್ತೀನಿ, ನಾವಿಲ್ಲಿದ್ದೀವಿ, ಈ ಮರ ನಾವು ನೋಡ್ಕೊಳ್ತೀವಿ ಅಂತ. ತಕರಾರಿರೋರು ತುದಿಗೆ ಬನ್ನಿ."

ಹೇಳಿ ಬಾಯಿ ತೆರೆದು ಕೂಗಿದಳು. ಸಣ್ಣಗೆ ಶುರುವಾದ ದನಿ ಏರಿತು, ಏರಿ ಬೆಟ್ಟ ಮುಟ್ಟಿ ತಿರುಗಿ ಬಂತು. ಬಿಳಿಹುಬ್ಬ ನಡುನಡುವೆ ತನ್ನ ದನಿ ಸೇರಿಸಿದ. ಮೊಗ್ಗಿಯೂ ಕೀರಲು ದನಿಯಲ್ಲಿ ತಪ್ಪು ತಪ್ಪಾಗಿ ಹಾಡಿತು. ಗದ್ದಿಗೆವ್ವನ ದಂಡಿನಲ್ಲಿ ಬಾಯಿ ಬಹಳವಿತ್ತು, ತುದಿಗೆ ಹೋಗುವವರು ಯಾರೂ ಇರಲಿಲ್ಲ.

ಬಿಸಿಲೇರಿದ ಮೇಲೆ ಸಣ್ಣಿ ಒಬ್ಬಳೇ ಆ ಮರದ ಕೆಳಗೆ ಬಂದಳು. ನೀನೂ ಬಂದುಬಿಡು, ಜೋತಾಡುವುದನ್ನು ಕಲಿಸುತ್ತೇನೆ ಎಂದಳು ಕಂದಿ. ಸಣ್ಣಿ ಒಲ್ಲೆನೆಂದು ತಲೆಯಾಡಿಸಿದಳು. ದಂಡು ಕೆಟ್ಟದ್ದೇ, ಆದರೆ ಚಿರತೆ ಬಂದಾಗ ಅಷ್ಟೊಂದು ಕಣ್ಣು ಕಾಯುತ್ತವೆ, ನನ್ನ ಮಕ್ಕಳು ಹೊಳೆಗೆ ಬಿದ್ದರೆ ಯಾರೋ ಒಬ್ಬರು ಎಳೆದು ಹಾಕುತ್ತಾರೆ ಎಂದಳು. ಆಮೇಲೆ ಕೇಳಿದಳು:

"ನಿನಗೆ ಅಲ್ಲಿ ಬೆನ್ನು ಕೆರೆಯೋರು ಯಾರಿದ್ದಾರೆ?"

"ಇವನಿದ್ದಾನೆ," ಎಂದಳು ಕಂದಿ. "ನಿನ್ನಷ್ಟು ಚೆನ್ನಾಗಿ ಕೆರೆಯಲ್ಲ."

ಇಬ್ಬರಿಗೂ ದುಃಖವಾಯಿತು. ಕಂದಿ ತುದಿಯ ದೊಡ್ಡ ಗೊಂಚಲೊಂದನ್ನು ಕಿತ್ತು ಗೆಳತಿಗೆ ಹಾಕಿದಳು. ಸಣ್ಣಿ ಮೊದಲ ಹಣ್ಣು ಬಾಯಿಗಿಡುವಷ್ಟರಲ್ಲಿ ದೂರದಲ್ಲಿ ಗದ್ದಿಗೆವ್ವ ಬರುವುದು ಕಂಡಿತು. ಅಗಿಯಲು ಹೊತ್ತಿಲ್ಲ, ಬಿಟ್ಟುಹೋಗಲು ಮನಸ್ಸಿಲ್ಲ. ಸಣ್ಣಿ ಗೊಂಚಲಿನ ಹಣ್ಣನ್ನೆಲ್ಲ ಬಾಯಿಗೆ ತುರುಕಿದಳು. ಬಲಗೆನ್ನೆಗೆ ತುರುಕಿದಳು, ಎಡಗೆನ್ನೆಗೆ ತುರುಕಿದಳು, ಬೆರಳಿನಿಂದ ಒತ್ತಿ ಒತ್ತಿ ತುರುಕಿದಳು. ಹೊಸ ಲೋಕದ ಚರ್ಮ ಹಿಗ್ಗಿತು, ಒಳಗೆರಡು ಚೀಲವೇ ಆಯಿತು. ಗದ್ದಿಗೆವ್ವ ಬಂದು ಕೈ ನೋಡಿದಳು, ಖಾಲಿ. ಏನು ತಿಂದೆ ಎಂದು ಕೇಳಿದಳು. ಸಣ್ಣಿ ಬಾಯಿ ಬಿಡಲಿಲ್ಲ. ದೂರದ ಬಂಡೆಗೆ ಹೋಗಿ, ಬೆನ್ನು ತಿರುಗಿಸಿ ಕೂತು, ಒಂದೊಂದಾಗಿ ಹಣ್ಣನ್ನು ಕೆನ್ನೆಯಿಂದ ಹೊರಗೆ ಒತ್ತಿಕೊಂಡು ಮಕ್ಕಳ ಜೊತೆ ನಿಧಾನವಾಗಿ ತಿಂದಳು. ಈ ಉಪಾಯ ದಂಡಿನಲ್ಲಿ ಹಬ್ಬಲು ಒಂದು ಸಂಜೆ ಸಾಕಾಯಿತು. ಕೊನೆಗೆ ಗದ್ದಿಗೆವ್ವನೂ ಕಲಿತಳು, ತನ್ನ ಮಕ್ಕಳಿಂದ ಹಣ್ಣು ಉಳಿಸಿಕೊಳ್ಳುವುದಕ್ಕೆ.

ನದಿ ಮಾತ್ರ ಕೆಲವು ದಿನ ಕಂದಿಯನ್ನು ಕರೆಯಿತು, ನೀರಿಗೆ ಯಾಕೆ ಬರುವುದಿಲ್ಲ ಎಂದು. ಕಂದಿ ಮರದ ಪೊಟರೆಯಲ್ಲಿ ನಿಂತ ಮಳೆನೀರಿಗೆ ಕೈ ಅದ್ದಿ, ಕೈಕೂದಲು ನೆಕ್ಕಿ ತೋರಿಸಿದಳು. ನನಗೆ ಇಷ್ಟು ಸಾಕು ಎಂದಳು. ಅವಳಿಗೆ ಸಾಲದೆ ಬಂದದ್ದು ಒಂದೇ, ಮರಕ್ಕೆ ಮರ ತಾಗಿದ ಕಾಡು. ಅದು ಕಡಿದುಹೋದ ಕಡೆ ಅವಳ ಕುಲದವರು ಆಚೆ ದಾಟಲಾರರು, ಈಚೆಯಲ್ಲೇ ನಿಂತು ನೋಡುತ್ತಾರೆ.

ಈಗಲೂ ಸೂರ್ಯ ಹುಟ್ಟುವ ಕಡೆಯ ಆ ಕಾಡುಗಳಲ್ಲಿ ಬೆಳಗಾದರೆ ಕರಿಯ ಗಂಡ, ಕಂದು ಹೆಂಡತಿ ಮರದ ನೆತ್ತಿಯಲ್ಲಿ ಕೂತು ಜೊತೆಯಲ್ಲಿ ಹಾಡುತ್ತಾರೆ, ನಡುವೆ ಮರಿಯೊಂದು ತಪ್ಪು ತಪ್ಪಾಗಿ ದನಿ ಸೇರಿಸುತ್ತದೆ. ಅವರಿಗೆ ಬಾಲವಿಲ್ಲ, ಬಾಲ ಬೇಕೆಂದು ಅವರು ಕೇಳಿದ್ದೂ ಇಲ್ಲ. ಇನ್ನು ನಿಮ್ಮೂರ ಕೋತಿ ನಿಮ್ಮ ಕೈಯ ಕಡಲೆಕಾಯಿ ಕಸಿದು, ಎರಡೂ ಕೆನ್ನೆಗೆ ತುರುಕಿಕೊಂಡು, ಗೋಡೆಯ ಮೇಲೆ ಬೆನ್ನು ತಿರುಗಿಸಿ ಕೂತು ಹಿಂದೆ ಹಿಂದೆ ನೋಡುತ್ತದಲ್ಲ, ಅದು ನಿಮಗೆ ಹೆದರಿ ಅಂದುಕೊಳ್ಳಬೇಡಿ, ಗದ್ದಿಗೆವ್ವ ಬಂದಾಳು ಎಂದು.